ಮೇಳ ಒಡೆದ ಮೇಲೆ ಹಾಡು ಎಲ್ಲಿಗೆ ಹೋಗುತ್ತದೆ?

ನನ್ನ ಸೋದರಮಾವ ಗೋಕಾಕ ಕಡೆಯ ಒಂದು ಪಾರಿಜಾತ ಮೇಳದಲ್ಲಿ ಹದಿನೆಂಟು ವರ್ಷ ಪೇಟಿ ನುಡಿಸಿದರು. ಪೇಟಿ ಅಂದರೆ ಹಾರ್ಮೋನಿಯಂ. ಬೆಳಗಾವಿ ಕಡೆ ನಾವು ಹಾಗೇ ಕರೆಯೋದು. ಶ್ರೀಕೃಷ್ಣ ಪಾರಿಜಾತ ನೋಡದವರಿಗೆ ಒಂದು ಮಾತು: ಅದು ರಾತ್ರಿಯಿಡೀ ನಡೆಯುವ ಹಾಡಿನ ಆಟ. ಕೃಷ್ಣ, ರುಕ್ಮಿಣಿ, ಸತ್ಯಭಾಮೆ, ಇವರ ನಡುವೆ ಒಂದು ಹೂವಿನ ಜಗಳ. ಕುಲಗೋಡದ ತಮ್ಮಣ್ಣನವರ ಹೆಸರು, ಕೌಜಲಗಿ ನಿಂಗಮ್ಮನವರ ದನಿ, ಎರಡೂ ಈ ಆಟದ ಜೊತೆ ಸೇರಿಹೋಗಿವೆ.

ಒಂದು ವರ್ಷ ಜಾತ್ರೆಗಳು ಮುಗಿಯುವ ಹೊತ್ತಿಗೆ ಮಾಮಾನ ಮೇಳ ಒಡೆಯಿತು. ಅರ್ಧ ಜನ ಒಂದು ಕಡೆ ಹೋದರು, ಅರ್ಧ ಜನ ಇನ್ನೊಂದು ಕಡೆ. ಮಾಮಾ ಎರಡೂ ಕಡೆ ಹೋಗಲಿಲ್ಲ. ಪೇಟಿಯನ್ನು ಚಾದರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಬೆಳಗಾವಿಯ ಶಹಾಪುರದ ನಮ್ಮ ಮನೆಗೆ ಬಂದರು. ಸುಮಾರು ದಿನ ಆ ಚಾದರ ಬಿಚ್ಚಲೇ ಇಲ್ಲ.

ಒಂದು ಸಂಜೆ ಬಿಚ್ಚಿದರು. ಭಾತೆ, ಅಂದರೆ ಪೇಟಿಗೆ ಗಾಳಿ ತುಂಬುವ ಹಲಗೆ, ಒತ್ತಿ, ಒಂದು ಪದ ಎತ್ತಿಕೊಂಡರು. ಎರಡು ಸಾಲಿಗೆ ದನಿ ಸಿಕ್ಕಿಹಾಕಿಕೊಂಡಿತು. ಮೇಲೆ ಏರಲಿಲ್ಲ. ಕೆಮ್ಮಿ, ಮತ್ತೆ ಶುರು ಮಾಡಿದರು. ಮತ್ತೆ ಅಲ್ಲೇ ನಿಂತಿತು. ಕೆಳಗೆ ನೋಡಿದರೆ ಬೆರಳು ಕರಿ ನಾಲ್ಕರ ಮೇಲೆ, ಅಂದರೆ ಪೇಟಿಯ ನಾಲ್ಕನೇ ಕರಿ ಮನೆಯ ಮೇಲೆ ಕೂತಿತ್ತು. ಅದು ಅವರ ಶ್ರುತಿ ಆಗಿರಲಿಲ್ಲ. ಮೇಳದಲ್ಲಿ ಸತ್ಯಭಾಮೆ ಆಗುತ್ತಿದ್ದ ಹೆಣ್ಣುಮಗಳ ಶ್ರುತಿ ಅದು. ಗಂಡಸರ ದನಿ ಸಾಮಾನ್ಯವಾಗಿ ಕರಿ ಒಂದು, ಕರಿ ಎರಡರ ಸುತ್ತ ಕೂರುತ್ತದೆ.

“ಬೆರಳು ತಾವ ಅಲ್ಲಿಗೆ ಹೋಗ್ತಾವೋ ಅಳಿಯಾ,” ಅಂದರು. “ಹದಿನೆಂಟು ವರ್ಷ ಆಕಿ ದನಿಗೆ ಪೇಟಿ ಹಿಡದೇನಿ. ನನ್ನ ಶ್ರುತಿ ಯಾವ್ದು ಅನ್ನೂದ ಮರ್ತಬಿಟ್ಟೇನಿ.”

ಆ ಮಾತು ನನ್ನಲ್ಲಿ ಉಳಿದುಬಿಟ್ಟಿತು. ಜಗತ್ತಿನ ದೊಡ್ಡ ದೊಡ್ಡ ಬ್ಯಾಂಡುಗಳು ಒಡೆದ ಕಥೆ ಓದುವಾಗಲೆಲ್ಲ ನಾನು ಮಾಮಾನ ಬೆರಳನ್ನೇ ನೆನೆಯುತ್ತೇನೆ. ಬ್ಯಾಂಡ್ ಒಡೆಯೋದು ಸುದ್ದಿಯಾಗುತ್ತದೆ. ಯಾರು ಯಾರನ್ನು ಬೈದರು, ಯಾರ ಹೆಂಡತಿ ಕಾರಣ, ಎಷ್ಟು ದುಡ್ಡಿನ ಜಗಳ, ಇದೆಲ್ಲ ಬೇಕಾದಷ್ಟು ಸಿಗುತ್ತದೆ. ಒಡೆದ ಮಾರನೇ ದಿನ ಒಬ್ಬ ಹಾಡುಗಾರ ಒಬ್ಬನೇ ಕೂತಾಗ ಅವನ ಕೈಯಲ್ಲಿ ಏನು ಉಳಿದಿರುತ್ತದೆ? ಅದನ್ನು ಇಟ್ಟುಕೊಂಡು ಅವನು ಹೊಸದನ್ನು ಹೇಗೆ ಕಟ್ಟುತ್ತಾನೆ? ನನಗೆ ಮುಖ್ಯ ಅನ್ನಿಸುವ ಪ್ರಶ್ನೆ ಅದು.

ಮೊದಲು ಬ್ಯಾಂಡ್ ಅನ್ನೋ ಪದ. ನಮ್ಮಲ್ಲಿ ಬ್ಯಾಂಡ್ ಅಂದರೆ ಮದುವೆ ಮೆರವಣಿಗೆ ನೆನಪಾಗುತ್ತದೆ. ಇಲ್ಲಿ ನಾನು ಹೇಳುತ್ತಿರೋದು ಮೂರು, ನಾಲ್ಕು, ಐದು ಜನ ಸೇರಿ ತಮ್ಮದೇ ಹಾಡು ಬರೆದು, ತಾವೇ ನುಡಿಸಿ, ತಾವೇ ಹಾಡುವ ತಂಡ. ರಸಮಂಜರಿ ಪಾರ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಗಣಪತಿ ಹಬ್ಬದ ಸ್ಟೇಜಿನಲ್ಲಿ ಕೀಬೋರ್ಡಿನವ ಬರಲಿಲ್ಲ ಅಂದರೆ ಖಾನಾಪುರದಿಂದಲೋ ನಿಪ್ಪಾಣಿಯಿಂದಲೋ ಇನ್ನೊಬ್ಬರನ್ನು ಕರೆಸಬಹುದು. ಹಾಡು ಸಿನಿಮಾದ್ದು, ಎಲ್ಲರಿಗೂ ಬರುತ್ತದೆ. ಬ್ಯಾಂಡಿನ ಹಾಡು ಹುಟ್ಟೋದೇ ಆ ನಾಲ್ವರ ನಡುವೆ. ಒಬ್ಬ ಎದ್ದು ಹೋದರೆ ಹಾಡು ಹುಟ್ಟುವ ಜಾಗವೇ ಬದಲಾಗುತ್ತದೆ.

ಹಾಗಾಗಿ ಬ್ಯಾಂಡ್ ಒಡೆಯೋದು ನೌಕರಿ ಬಿಟ್ಟ ಹಾಗಲ್ಲ. ಮನೆ ಪಾಲಾದ ಹಾಗೆ. ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಬೇರೆಯಾದಾಗ ನೋಡಿದ್ದೀರಲ್ವಾ? ಹೊಲ ಅಳೆದು ಹಂಚಬಹುದು. ಬಾವಿ ಹಂಚೋಕೆ ಬರೋದಿಲ್ಲ. ಅದಕ್ಕೆ ಪಾಳಿ ಹಚ್ಚುತ್ತಾರೆ, ಈ ದಿನ ನಿನ್ನದು, ಆ ದಿನ ನನ್ನದು. ಬ್ಯಾಂಡಿನ ಹಳೆಯ ಹಾಡುಗಳು ಆ ಬಾವಿ ಇದ್ದ ಹಾಗೆ. ಒಡೆದ ಮೇಲೂ ಎಲ್ಲರೂ ಅದೇ ನೀರು ಸೇದುತ್ತಾರೆ. ಹೊಸ ಬಾವಿ ತೋಡಿದವರು ಯಾರು, ತೋಡದವರು ಯಾರು ಅನ್ನೋದು ಆಮೇಲೆ ಗೊತ್ತಾಗುತ್ತದೆ.

ಬೀಟಲ್ಸ್ ಕಥೆಯಿಂದ ಶುರು ಮಾಡೋಣ. ಎಲ್ಲಕ್ಕಿಂತ ಹೆಚ್ಚು ದಾಖಲೆ ಸಿಗುವ ಒಡಕು ಅದು. ಇಂಗ್ಲೆಂಡಿನ ಲಿವರ್‌ಪೂಲ್‌ನ ನಾಲ್ಕು ಹುಡುಗರು: ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್. 1969ರ ಸೆಪ್ಟೆಂಬರ್‌ನಲ್ಲೇ ಲೆನನ್ ಬಿಡುತ್ತೇನೆ ಅಂದಿದ್ದರು, ಅದು ಹೊರಗೆ ಬರಲಿಲ್ಲ. 1970ರ ಏಪ್ರಿಲ್‌ನಲ್ಲಿ ಮೆಕಾರ್ಟ್ನಿ ಹೊರಬಂದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅದೇ ವರ್ಷದ ಕೊನೆಯ ದಿನ ಅವರು ಲಂಡನ್ನಿನ ಹೈಕೋರ್ಟಿನಲ್ಲಿ ಪಾಲುದಾರಿಕೆ ಮುರಿಯಲು ದಾವೆ ಹೂಡಿದರು. ಕಾಗದದ ಮೇಲೆ ಪೂರ್ತಿ ಮುಗಿದದ್ದು 1975ರ ಜನವರಿಯಲ್ಲಿ. ಒಡೆಯಲು ಕೆಲವು ತಿಂಗಳು ಸಾಕಾಯಿತು, ಬಿಡಿಸಿಕೊಳ್ಳಲು ಸುಮಾರು ಐದು ವರ್ಷ ಹಿಡಿಯಿತು.

ಈ ನಾಲ್ವರಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟವರು ಜಾರ್ಜ್ ಹ್ಯಾರಿಸನ್. ಬ್ಯಾಂಡಿನಲ್ಲಿ ಹೆಚ್ಚಿನ ಹಾಡು ಲೆನನ್ ಮತ್ತು ಮೆಕಾರ್ಟ್ನಿ ಬರೆಯುತ್ತಿದ್ದರು. ಹ್ಯಾರಿಸನ್ ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವರು. ಒಂದು ಎಲ್‌ಪಿ ರೆಕಾರ್ಡಿನ ಎರಡೂ ಮಗ್ಗುಲು ಸೇರಿ ನಲವತ್ತು ನಲವತ್ತೈದು ನಿಮಿಷ. ಅದರಲ್ಲಿ ಅವರ ಪಾಲಿಗೆ ಒಂದೋ ಎರಡೋ ಹಾಡು. 1968ರ ಜೋಡಿ ರೆಕಾರ್ಡಿನಲ್ಲಿ 30 ಹಾಡುಗಳಿದ್ದವು, ಹ್ಯಾರಿಸನ್ ಬರೆದದ್ದು 4. ಮರುವರ್ಷದ ‘ಅಬಿ ರೋಡ್’ನಲ್ಲಿ 17ರಲ್ಲಿ 2. ಆ ಎರಡು ಇವತ್ತು ಬೀಟಲ್ಸ್‌ನ ಅತಿ ಪ್ರೀತಿಯ ಹಾಡುಗಳಲ್ಲಿ ಸೇರಿವೆ. ಆದರೂ ಪಾಲು ಅಷ್ಟೇ.

ದೊಡ್ಡ ಪಂಕ್ತಿಯಲ್ಲಿ ಕೊನೆಗೆ ಕೂತವರಿಗೆ ಬಡಿಸುವ ಹೊತ್ತಿಗೆ ಹೋಳಿಗೆ ಮುಗಿದಿರುತ್ತದೆ. ಅದರಲ್ಲಿ ಯಾರ ದುಷ್ಟತನವೂ ಇರಬೇಕಿಲ್ಲ. ಕೂತ ಜಾಗ ಅಂಥದ್ದು.

ಹ್ಯಾರಿಸನ್ ಸುಮ್ನೆ ಬರೆಯುತ್ತಾ ಹೋದರು. ಬ್ಯಾಂಡ್ ಬೇಡ ಅಂದದ್ದನ್ನೆಲ್ಲ ಕೂಡಿಟ್ಟರು. 1970ರ ನವೆಂಬರ್‌ನಲ್ಲಿ ಒಡಕಿನ ಗದ್ದಲ ಇನ್ನೂ ಇಳಿದಿರಲಿಲ್ಲ, ಅವರು ಮೂರು ಎಲ್‌ಪಿಗಳ ಒಂದು ಪೆಟ್ಟಿಗೆಯನ್ನೇ ಹೊರಗೆ ತಂದರು. ‘ಆಲ್ ಥಿಂಗ್ಸ್ ಮಸ್ಟ್ ಪಾಸ್’. ಎಲ್ಲವೂ ಕಳೆದುಹೋಗಲೇಬೇಕು ಅಂತ ಅದರ ಅರ್ಥ. ಆ ಹೆಸರಿನ ಹಾಡನ್ನು 1969ರ ಜನವರಿಯಲ್ಲಿ ಬೀಟಲ್ಸ್ ಜೊತೆಗೇ ಅಭ್ಯಾಸ ಮಾಡಿದ್ದರು, ಬ್ಯಾಂಡ್ ಅದನ್ನು ತೆಗೆದುಕೊಂಡಿರಲಿಲ್ಲ. ಒಬ್ಬಂಟಿಯಾಗಿ ಹಾಡಿ ಅಮೆರಿಕದ ಸಿಂಗಲ್, ಅಂದರೆ ಬಿಡಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಮುಟ್ಟಿದ ಮೊದಲ ಬೀಟಲ್ ಅವರೇ. ಕೊನೆಗೆ ಕೂತಿದ್ದವರು!

ಇಲ್ಲಿ ಒಂದು ವಿಷಯ ಗಮನಿಸಬೇಕು. ಮಳೆಗಾಲದಲ್ಲಿ ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟಾಗ ಗೋಕಾಕ ಜಲಪಾತ ನೋಡೋಕೆ ಬೆಳಗಾವಿಯಿಂದಲೂ ಜನ ಗಾಡಿ ಕಟ್ಟಿಕೊಂಡು ಹೋಗುತ್ತಾರೆ. ಆ ಅಬ್ಬರ ಕಟ್ಟಿಟ್ಟ ನೀರಿನದು. ಏಪ್ರಿಲ್‌ನಲ್ಲಿ ಹೋಗಿ ನೋಡಿದರೆ ಬರೀ ಬಂಡೆ. ಬ್ಯಾಂಡ್ ಬಿಟ್ಟವರ ಮೊದಲ ಆಲ್ಬಂ ಎಷ್ಟೋ ಸಲ ಕಟ್ಟಿಟ್ಟ ನೀರು. ವರ್ಷಗಟ್ಟಲೆ ಕೂಡಿದ್ದು ಒಮ್ಮೆಲೇ ಹೊರಬರುತ್ತದೆ. ಮೂರನೆಯದು, ನಾಲ್ಕನೆಯದು ಬರುವ ಹೊತ್ತಿಗೆ ಒಳಗಿನ ಸೆಲೆ ಎಷ್ಟಿದೆ ಅನ್ನೋದು ತಿಳಿಯುತ್ತದೆ. ಹ್ಯಾರಿಸನ್ ಅವರ 1973ರ ಆಲ್ಬಂ ಕೂಡ ಚೆನ್ನಾಗಿಯೇ ಓಡಿತು, ಆಮೇಲೆ ಮೊದಲಿನ ರಭಸ ಉಳಿಯಲಿಲ್ಲ. ಆದರೆ ಅವರಿಗೆ ಇನ್ನೊಂದು ಸೆಲೆ ಸಿಕ್ಕಿತ್ತು, ಅದು ನಮ್ಮ ಕಡೆಯದು. 1966ರಲ್ಲಿ ಅವರು ಪಂಡಿತ್ ರವಿಶಂಕರ್ ಅವರ ಹತ್ತಿರ ಸಿತಾರ್ ಕಲಿಯಲು ಭಾರತಕ್ಕೆ ಬಂದಿದ್ದರು. 1971ರ ಆಗಸ್ಟ್ 1ರಂದು ಇಬ್ಬರೂ ಸೇರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಕಛೇರಿ ಮಾಡಿದರು. ರವಿಶಂಕರ್ ಜೊತೆ ಸರೋದಿನಲ್ಲಿ ಅಲಿ ಅಕ್ಬರ್ ಖಾನ್, ತಬಲಾದಲ್ಲಿ ಅಲ್ಲಾರಖಾ. ವಾದ್ಯಗಳ ಶ್ರುತಿ ಕೂಡಿಸಿದ್ದಕ್ಕೇ ಜನ ಚಪ್ಪಾಳೆ ತಟ್ಟಿದರು. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದರೆ ನುಡಿಸೋದು ಇನ್ನೂ ಹಿಡಿಸಬಹುದು ಅಂತ ರವಿಶಂಕರ್ ಹೇಳಿದರು. ಬ್ಯಾಂಡ್ ಒಡೆದು ಒಂದೂವರೆ ವರ್ಷವೂ ಆಗಿರಲಿಲ್ಲ. ಆ ಸ್ಟೇಜಿನಲ್ಲಿ ರಿಂಗೋ ಕೂಡ ಇದ್ದರು.

ಸರಿ, ಜಾಗ ಸಿಕ್ಕಿತು. ಇದರ ಇನ್ನೊಂದು ಮಗ್ಗುಲು ಕಷ್ಟದ್ದು, ನನ್ನ ಪ್ರಕಾರ ಇಡೀ ವಿಷಯದ ತಿರುಳು ಅಲ್ಲೇ ಇದೆ. ಬ್ಯಾಂಡ್ ಬಿಟ್ಟಾಗ ಜಾಗ ಸಿಗುತ್ತದೆ, ಕಿವಿ ಹೋಗುತ್ತದೆ.

ಕಿವಿ ಅಂದರೆ ‘ಇದು ಸರಿ ಇಲ್ಲ’ ಅನ್ನುವ ಪಕ್ಕದವನ ಕಿವಿ. ಲೆನನ್ ಮತ್ತು ಮೆಕಾರ್ಟ್ನಿ ಹುಡುಗರಾಗಿದ್ದಾಗಲೇ ಒಂದು ಒಪ್ಪಂದ ಮಾಡಿಕೊಂಡಿದ್ದರು. ಯಾರೇ ಬರೆಯಲಿ, ಹಾಡಿನ ಮೇಲೆ ಇಬ್ಬರ ಹೆಸರು. ಇದರಿಂದ ಒಬ್ಬರ ಹಾಡು ಇನ್ನೊಬ್ಬರದೂ ಆಗುತ್ತಿತ್ತು, ತಿದ್ದುವ ಹಕ್ಕೂ ಬರುತ್ತಿತ್ತು. 1967ರ ಒಂದು ಹಾಡಿನಲ್ಲಿ ಮೆಕಾರ್ಟ್ನಿ ‘ದಿನದಿನಕ್ಕೂ ಒಳ್ಳೆಯದಾಗುತ್ತಿದೆ’ ಅನ್ನುವ ಅರ್ಥದಲ್ಲಿ ಬರೆದರೆ, ಪಕ್ಕದಲ್ಲಿ ಕೂತ ಲೆನನ್ ‘ಇದಕ್ಕಿಂತ ಕೆಡೋಕೆ ಇನ್ನೇನಿದೆ’ ಅನ್ನುವ ಅರ್ಥದ ಸಾಲು ಸೇರಿಸಿದರು. ಸಕ್ಕರೆಗೆ ಹುಣಸೆ ಬಿದ್ದ ಹಾಗೆ. ಇದೊಂದು ಸಾಲಿನಿಂದ ಆ ಜೋಡಿ ಹೇಗೆ ಕೆಲಸ ಮಾಡುತ್ತಿತ್ತು ಅನ್ನೋದು ಗೊತ್ತಾಗುತ್ತದೆ. ಒಡೆದ ಮೇಲೆ ಒಬ್ಬರ ಕೈಯಲ್ಲಿ ಸಕ್ಕರೆ ಉಳಿಯಿತು, ಇನ್ನೊಬ್ಬರ ಕೈಯಲ್ಲಿ ಹುಣಸೆ. 1970ರ ಡಿಸೆಂಬರ್‌ನ ಲೆನನ್ ಆಲ್ಬಂ ಕೇಳಿದರೆ ಎದೆ ಬಿರಿಯುವಷ್ಟು ಕಹಿ. ತಾನು ಏನೇನನ್ನು ನಂಬೋದಿಲ್ಲ ಅಂತ ಪಟ್ಟಿ ಮಾಡುತ್ತಾ, ಕೊನೆಗೆ ಬೀಟಲ್ಸ್ ಹೆಸರನ್ನೂ ಅದರಲ್ಲಿ ಸೇರಿಸುತ್ತಾರೆ. ಮೆಕಾರ್ಟ್ನಿ ಮನೆಯಲ್ಲೇ ಕೂತು, ಎಲ್ಲ ವಾದ್ಯ ತಾವೇ ನುಡಿಸಿ ಮಾಡಿದ ಆಲ್ಬಮ್ಮಿಗೆ ವಿಮರ್ಶಕರು ಅರ್ಧಕ್ಕೇ ಬಿಟ್ಟಿದ್ದಾರೆ ಅಂದರು.

ಹ್ಯಾರಿಸನ್ ವಿಷಯದಲ್ಲಿ ಕಿವಿ ಇಲ್ಲದ್ದರ ಬೆಲೆ ಕೋರ್ಟಿನಲ್ಲಿ ಕಟ್ಟಬೇಕಾಯಿತು. ಮೊದಲ ಸ್ಥಾನಕ್ಕೆ ಹೋದ ಅವರ ‘ಮೈ ಸ್ವೀಟ್ ಲಾರ್ಡ್’ನ ಧಾಟಿ 1963ರ ಇನ್ನೊಂದು ಜನಪ್ರಿಯ ಹಾಡಿನ ಹಾಗೇ ಇದೆ ಅಂತ ದಾವೆ ಬಿತ್ತು. 1976ರಲ್ಲಿ ನ್ಯಾಯಾಧೀಶರು ಕೊಟ್ಟ ತೀರ್ಪು ವಿಚಿತ್ರವಾಗಿತ್ತು: ಬೇಕಂತ ಕದ್ದಿಲ್ಲ, ಆದರೆ ಮನಸ್ಸಿನ ಒಳಗೆ ಉಳಿದಿದ್ದ ಧಾಟಿ ಗೊತ್ತಿಲ್ಲದೇ ಹೊರಗೆ ಬಂದಿದೆ. ಹಳೆಯ ಮೂವರು ಆ ಕೋಣೆಯಲ್ಲಿ ಇದ್ದಿದ್ದರೆ ಒಬ್ಬರಾದರೂ ‘ಇದು ಎಲ್ಲೋ ಕೇಳಿದಂತಿದೆ ಜಾರ್ಜ್’ ಅನ್ನುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ. ಜೊತೆಗೆ ಬೆಳೆದವರು ಮಾತ್ರ ಅಷ್ಟು ಸಲೀಸಾಗಿ ಹೇಳಬಲ್ಲರು. ಹೆಸರು ಬಂದ ಮೇಲೆ ಸುತ್ತ ಸೇರುವವರು ಹೇಳೋದಿಲ್ಲ.

ಮುಂದೆ ಸಾಗಿದವರನ್ನು ನೋಡಿ. ಅವರೆಲ್ಲ ಒಂದಲ್ಲ ಒಂದು ರೀತಿ ಹೊಸ ಕಿವಿ ಹುಡುಕಿಕೊಂಡರು. ಮೆಕಾರ್ಟ್ನಿ 1971ರಲ್ಲಿ ವಿಂಗ್ಸ್ ಅನ್ನುವ ತಂಡ ಕಟ್ಟಿದರು. 1972ರ ಫೆಬ್ರವರಿಯಲ್ಲಿ ಹೆಂಡತಿ ಮಕ್ಕಳನ್ನೂ ಕರೆದುಕೊಂಡು, ವ್ಯಾನಿನಲ್ಲಿ ವಾದ್ಯ ತುಂಬಿಕೊಂಡು, ಹೇಳದೇ ಕೇಳದೇ ಯೂನಿವರ್ಸಿಟಿಗಳಿಗೆ ಹೋಗಿ ‘ಇವತ್ತು ಇಲ್ಲಿ ನುಡಿಸಬಹುದಾ’ ಅಂತ ಕೇಳುತ್ತಿದ್ದರು. ಜಗತ್ತಿನ ಅತಿ ದೊಡ್ಡ ಬ್ಯಾಂಡಿನಲ್ಲಿ ಇದ್ದವರು! ವಿದ್ಯಾರ್ಥಿಗಳು ಅರ್ಧ ಪೌಂಡಿನಷ್ಟು ಕೊಟ್ಟು ಕೇಳಿದರು. ಆ ಮೊದಲ ವರ್ಷಗಳಲ್ಲಿ ವಿಂಗ್ಸ್ ಕಛೇರಿಯಲ್ಲಿ ಬೀಟಲ್ಸ್ ಹಾಡು ಒಂದೂ ಇರುತ್ತಿರಲಿಲ್ಲ. 1975ರ ಪ್ರವಾಸದಲ್ಲಿ ಮಾತ್ರ ಕೆಲವನ್ನು ಸೇರಿಸಿಕೊಂಡರು, ತಮ್ಮ ಹೊಸ ಹಾಡು ತನ್ನ ಕಾಲ ಮೇಲೆ ನಿಂತ ಮೇಲೆ.

ನಮ್ಮ ಜಾತ್ರೆಯ ಸ್ಟೇಜ್ ನೋಡಿದವರಿಗೆ ಇದು ಎಷ್ಟು ಕಷ್ಟ ಅಂತ ಗೊತ್ತು. ಹೊಸ ಪದ ಎತ್ತಿದ ಕೂಡಲೇ ಹಿಂದಿನಿಂದ ಕೂಗು ಬರುತ್ತದೆ: “ಏ, ಹಳೇದ ಹಾಡ್ರೀ!” ಜನರ ಪ್ರೀತಿಯೇ ಕಾಲಿಗೆ ಕಟ್ಟಿದ ಹಗ್ಗ ಆಗಿಬಿಡುತ್ತದೆ.

1973ರಲ್ಲಿ ವಿಂಗ್ಸ್ ನೈಜೀರಿಯಾದ ಲಾಗೋಸ್‌ಗೆ ರೆಕಾರ್ಡಿಂಗಿಗೆ ಹೊರಟಾಗ, ಇನ್ನೇನು ಹೊರಡಬೇಕು ಅನ್ನುವಾಗ ಇಬ್ಬರು ತಂಡ ಬಿಟ್ಟರು. ಉಳಿದದ್ದು ಮೂರೇ ಜನ. ಅಲ್ಲಿ ಚಾಕು ತೋರಿಸಿ ದರೋಡೆ ಮಾಡಿದವರು ಹೊಸ ಹಾಡುಗಳ ಕ್ಯಾಸೆಟ್ಟನ್ನೂ ಒಯ್ದರು. ನೆನಪಿನಿಂದಲೇ ಮತ್ತೆ ಕಟ್ಟಿದ ಆ ‘ಬ್ಯಾಂಡ್ ಆನ್ ದಿ ರನ್’ ಅವರ ಒಡಕಿನ ನಂತರದ ಅತಿ ಒಳ್ಳೆಯ ಕೆಲಸ ಅಂತ ಎಷ್ಟೋ ಜನ ಹೇಳುತ್ತಾರೆ. ನಾನೂ ಅವರಲ್ಲೊಬ್ಬ. ಬಹಳ ವರ್ಷದ ಮೇಲೆ, 2005ರ ಆಲ್ಬಮ್ಮಿಗೆ ಅವರು ತಮಗಿಂತ ಸುಮಾರು ಮೂವತ್ತು ವರ್ಷ ಚಿಕ್ಕವರಾದ ನೈಜಲ್ ಗಾಡ್ರಿಚ್ ಅವರನ್ನು ನಿರ್ಮಾಪಕರಾಗಿ ಕರೆದರು. ಗಾಡ್ರಿಚ್ ಕೆಲವು ಹಾಡು ಸಾಲದು ಅಂತ ಮುಖದ ಮೇಲೆ ಹೇಳಿದರು. ಮೆಕಾರ್ಟ್ನಿಗೆ ಸಿಟ್ಟು ಬಂತು, ಆದರೂ ಅವರನ್ನು ಬಿಡಲಿಲ್ಲ. ಅರವತ್ತು ದಾಟಿದ ಮೇಲೂ ‘ಇಲ್ಲ’ ಅನ್ನುವವರನ್ನು ದುಡ್ಡು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಬೇಕಾದರೆ ದೊಡ್ಡ ಮನಸ್ಸು ಬೇಕು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಹಾಡಿಗೆ ಎರಡು ಬಗೆಯ ಆದಾಯ ಇದೆ. ಬರೆದು ರಾಗ ಹಾಕಿದವರಿಗೆ ಒಂದು, ನುಡಿಸಿ ಹಾಡಿ ರೆಕಾರ್ಡ್ ಮಾಡಿದವರಿಗೆ ಇನ್ನೊಂದು. ಎರಡನೆಯದರ ಪಾಲು ಬರೆದಿಡದಿದ್ದರೆ ಜಗಳ ಖಂಡಿತ. 1987ರಲ್ಲಿ ಒಡೆದ ಇಂಗ್ಲೆಂಡಿನ ‘ದಿ ಸ್ಮಿತ್ಸ್’ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ ಮೈಕ್ ಜಾಯ್ಸ್‌ಗೆ ಶೇಕಡಾ 10 ಸಿಗುತ್ತಿತ್ತು. ಅವರು ಕೋರ್ಟಿಗೆ ಹೋಗಿ 1996ರಲ್ಲಿ ಶೇಕಡಾ 25, ಅಂದರೆ ನಾಲ್ವರಲ್ಲಿ ಸಮಪಾಲು ಗೆದ್ದರು. ನಮ್ಮ ದೇಶದಲ್ಲೂ 2012ರ ಕಾಪಿರೈಟ್ ತಿದ್ದುಪಡಿ ಆದ ಮೇಲೆ ಹಾಡು ಬರೆದವರ ಮತ್ತು ಸಂಗೀತ ಹಾಕಿದವರ ರಾಯಲ್ಟಿ ಹಕ್ಕಿಗೆ ಗಟ್ಟಿ ರಕ್ಷಣೆ ಬಂದಿದೆ. ಇವತ್ತು ನಮ್ಮ ಕಡೆ ಯೂಟ್ಯೂಬಿಗೆ ಜಾನಪದ ಹಾಡು ಮಾಡುವ ಹುಡುಗರಿಗೆ ನಾನು ಹೇಳೋದು ಒಂದೇ: ಚಾನೆಲ್ ಯಾರ ಜಿಮೇಲ್‌ನಲ್ಲಿದೆ, ಸಾಹಿತ್ಯ ಯಾರದು, ಧಾಟಿ ಯಾರದು, ಬಂದ ದುಡ್ಡಿನಲ್ಲಿ ಯಾರಿಗೆ ಎಷ್ಟು, ಇದನ್ನು ಚೆನ್ನಾಗಿರುವಾಗಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಮಾಮಾನ ಮೇಳದಲ್ಲಿ ಅಂಥ ಹಾಳೆ ಇರಲಿಲ್ಲ. ವೀಳ್ಯದ ದುಡ್ಡು ಯಾರ ಕೈಗೆ ಬಂತು ಅನ್ನೋದರಿಂದಲೇ ಅಲ್ಲಿ ಮಾತು ಕೆಟ್ಟಿದ್ದು.

ಹೆಸರಿನ ಗಂಟು ಇದಕ್ಕಿಂತ ಜಟಿಲ. ಪಿಂಕ್ ಫ್ಲಾಯ್ಡ್ ತಂಡದ ಬಹುಪಾಲು ಹಾಡು ಬರೆಯುತ್ತಿದ್ದ ರೋಜರ್ ವಾಟರ್ಸ್ 1985ರಲ್ಲಿ ಹೊರಬಂದರು. ನಾನಿಲ್ಲದೇ ಆ ಹೆಸರು ಬಳಸುವಂತಿಲ್ಲ ಅಂತ ಕೋರ್ಟಿಗೂ ಹೋದರು. 1987ರ ಕೊನೆಗೆ ರಾಜಿಯಾಯಿತು. ಹೆಸರು ಉಳಿದವರಿಗೆ ಹೋಯಿತು. ಅದೇ ವರ್ಷ ಇಬ್ಬರೂ ಪ್ರವಾಸ ಮಾಡಿದರು. ಹೆಸರು ಇದ್ದವರಿಗೆ ಸ್ಟೇಡಿಯಂ ತುಂಬಿತು, ಹಾಡು ಬರೆದವರಿಗೆ ಅದಕ್ಕಿಂತ ಸಣ್ಣ ಸಭಾಂಗಣ ಸಿಕ್ಕಿತು. ಜನ ನೆನಪಿಟ್ಟುಕೊಳ್ಳೋದು ಹೆಸರನ್ನು.

ಇದಕ್ಕೆ ತದ್ವಿರುದ್ಧ ಮಾಡಿದವರು ಇಂಗ್ಲೆಂಡಿನ ಜಾಯ್ ಡಿವಿಷನ್ ತಂಡದ ಮೂವರು. 1980ರ ಮೇ 18ರಂದು ಅವರ ಹಾಡುಗಾರ ಇಯಾನ್ ಕರ್ಟಿಸ್ ತೀರಿಕೊಂಡರು. ಮರುದಿನ ಅಮೆರಿಕ ಪ್ರವಾಸಕ್ಕೆ ಹೊರಡಬೇಕಿತ್ತು. ಉಳಿದ ಮೂವರು ಹಳೆಯ ಹೆಸರನ್ನೇ ಕೈಬಿಟ್ಟು ನ್ಯೂ ಆರ್ಡರ್ ಅಂತ ಇಟ್ಟುಕೊಂಡರು. ಗಿಟಾರಿನ ಬರ್ನಾರ್ಡ್ ಸಮ್ನರ್ ಹಾಡಲು ನಿಂತರು. ಅವರು ಕರ್ಟಿಸ್ ಹಾಗೆ ಹಾಡಲು ಹೋಗಲಿಲ್ಲ. ಸಿಂಥಸೈಜರ್, ಡ್ರಮ್ ಮಷಿನ್ ಕಡೆ ಹೊರಳಿ, ಕುಣಿಯುವಂಥ ಸಂಗೀತ ಮಾಡಿದರು. 1983ರ ಅವರ ‘ಬ್ಲೂ ಮಂಡೇ’ 12 ಇಂಚಿನ ಸಿಂಗಲ್ ರೆಕಾರ್ಡುಗಳಲ್ಲೇ ಅತಿ ಹೆಚ್ಚು ಮಾರಾಟವಾದದ್ದು. ಅಮೆರಿಕದ ನಿರ್ವಾಣ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ ಡೇವ್ ಗ್ರೋಲ್ ಕೂಡ ಹೀಗೇ. 1994ರಲ್ಲಿ ಆ ತಂಡದ ಹಾಡುಗಾರ ಕರ್ಟ್ ಕೋಬೇನ್ ತೀರಿಕೊಂಡ ಮೇಲೆ ಕೆಲವು ತಿಂಗಳು ಸಂಗೀತವೇ ಬೇಡ ಅಂತ ಇದ್ದರು. ಆಮೇಲೆ ಅಕ್ಟೋಬರ್‌ನಲ್ಲಿ ಸುಮಾರು ಒಂದು ವಾರ ಸ್ಟುಡಿಯೋ ಹಿಡಿದು, ಬಹುತೇಕ ಎಲ್ಲ ವಾದ್ಯ ತಾವೇ ನುಡಿಸಿ, ತಾವೇ ಹಾಡಿದರು. ಹೊರಗೆ ಮಾತ್ರ ಫೂ ಫೈಟರ್ಸ್ ಅಂತ ಒಂದು ತಂಡದ ಹೆಸರು ಕೊಟ್ಟರು. ನಿರ್ವಾಣದ ಡ್ರಮ್ಮರ್ ಹಾಡಿದ್ದು ಅಂತ ಕೇಳದೇ, ಹಾಡನ್ನು ಹಾಡಾಗಿ ಕೇಳಲಿ ಅನ್ನೋದು ಅವರ ಆಸೆಯಾಗಿತ್ತು. ಹಿಂದೆ ಕೂತವರು ಮುಂದೆ ಬಂದು ನಿಲ್ಲಲು ಎಷ್ಟು ಅಂಜುತ್ತಾರೆ ಅನ್ನೋದು ಇದರಲ್ಲಿ ಕಾಣುತ್ತದೆ. ಮಾಮಾನನ್ನು ನೋಡಿದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಇದೆಲ್ಲ ದೂರದ ಕಥೆ ಅಂದುಕೊಳ್ಳಬೇಡಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ 1880ರಲ್ಲಿ ಪುಣೆಯಲ್ಲಿ ಶಾಕುಂತಲ ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ಹಾದಿ ಹಾಕಿದವರು. ಅವರು ಕಟ್ಟಿದ ಕಿರ್ಲೋಸ್ಕರ್ ನಾಟಕ ಮಂಡಳಿ ಆ ಕಾಲದ ದೊಡ್ಡ ಹೆಸರು. 1913ರಲ್ಲಿ ಅದರ ಮುಖ್ಯ ನಟ, ಹೆಣ್ಣು ಪಾತ್ರಕ್ಕೆ ಹೆಸರಾದ ಬಾಲಗಂಧರ್ವ, ಗಣಪತರಾವ್ ಬೋಡಸ್ ಮತ್ತು ಗೋವಿಂದರಾವ್ ಟೇಂಬೆ ಜೊತೆ ಹೊರಬಂದು ಗಂಧರ್ವ ನಾಟಕ ಮಂಡಳಿ ಕಟ್ಟಿದರು. 1918ರಲ್ಲಿ ದೀನಾನಾಥ ಮಂಗೇಶ್ಕರ್ ಕೂಡ ಕಿರ್ಲೋಸ್ಕರ್ ಬಿಟ್ಟು ಬಲವಂತ ಮಂಡಳಿ ಕಟ್ಟಿದರು. ಒಂದೇ ಬೇರಿನಿಂದ ಎರಡು ಹೊಸ ಗಿಡ.

ಇವರಲ್ಲಿ ಟೇಂಬೆಯವರ ದಾರಿ ಹಿಡಿದು ನೋಡಿ. ಅವರೂ ಪೇಟಿಯವರೇ. ದೊಡ್ಡ ಗವಾಯಿಗಳ ಪಕ್ಕ ಕೂತು ಪೇಟಿ ಹಿಡಿದವರು. ಗಂಧರ್ವ ಕಂಪನಿಯನ್ನೂ ಬಿಟ್ಟು 1915ರಲ್ಲಿ ತಮ್ಮದೇ ಶಿವರಾಜ ಮಂಡಳಿ ಮಾಡಿದರು. ನಾಟಕಗಳಿಗೆ ಧಾಟಿ ಹಾಕಿದರು. 1932ರಲ್ಲಿ ಮರಾಠಿಯ ಮೊದಲ ಮಾತಿನ ಚಿತ್ರ ಬಂದಾಗ ಅದಕ್ಕೆ ಸಂಗೀತ ಕೊಟ್ಟವರು ಅವರೇ, ಹರಿಶ್ಚಂದ್ರನಾಗಿ ನಾಯಕನ ಪಾತ್ರ ಮಾಡಿದವರೂ ಅವರೇ. ಪಕ್ಕದಲ್ಲಿ ಕೂತವರು ಎಷ್ಟು ದೂರ ಹೋದರು! ನಮ್ಮ ಮಲ್ಲಿಕಾರ್ಜುನ ಮನ್ಸೂರರೂ ಕಂಪನಿಯಿಂದಲೇ ಬಂದವರು. ಹುಡುಗನಾಗಿದ್ದಾಗ ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿಯಲ್ಲಿ ಬಣ್ಣ ಹಚ್ಚಿದರು. ಆಮೇಲೆ ಮಿರಜದ ನೀಲಕಂಠಬುವಾ ಅವರ ಹತ್ತಿರ, ಮುಂದೆ ಮಂಜಿಖಾನ್ ಮತ್ತು ಬುರ್ಜಿಖಾನ್ ಅವರ ಹತ್ತಿರ ಕೂತರು. ಕಂಪನಿಯಲ್ಲಿ ಚಪ್ಪಾಳೆ ಗಿಟ್ಟಿಸಿದ ದನಿಯನ್ನು ಮತ್ತೆ ಗುರುವಿನ ಕಿವಿಗೆ ಒಪ್ಪಿಸಿದರು. ಹೊಸ ಕಿವಿ ಅಂದೆನಲ್ಲ, ಅದರ ಅತಿ ಹಳೆಯ ಹೆಸರು ಗುರು.

ಬಾಗಿಲು ಪೂರ್ತಿ ಮುಚ್ಚದೇ ಬೇರೆಯಾದವರೂ ಇದ್ದಾರೆ. ಗಿಟಾರಿನ ಜಾನ್ ಮೆಕ್‌ಲಾಫ್ಲಿನ್, ವಯಲಿನ್ನಿನ ಎಲ್. ಶಂಕರ್, ತಬಲಾದ ಝಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಸೇರಿ 1970ರ ದಶಕದಲ್ಲಿ ಶಕ್ತಿ ಅನ್ನುವ ತಂಡ ಮಾಡಿದ್ದರು. ಕೆಲವೇ ವರ್ಷಗಳಲ್ಲಿ ಚದುರಿದರು. ಜಗಳದ ಕಥೆ ಇಲ್ಲ. ಎಲ್ಲರೂ ತಮ್ಮ ತಮ್ಮ ಕಛೇರಿ ಮಾಡಿಕೊಂಡು, ಬೇರೆ ಬೇರೆ ದೇಶದವರ ಜೊತೆ ನುಡಿಸಿಕೊಂಡು ಬೆಳೆದರು. 1997ರಲ್ಲಿ ಎಲ್. ಶಂಕರ್ ಬಿಟ್ಟು ಉಳಿದ ಮೂವರು ‘ರಿಮೆಂಬರ್ ಶಕ್ತಿ’ ಅಂತ ಮತ್ತೆ ಕೂಡಿದರು. ಮುಂದೆ ವಿಕ್ಕು ಅವರ ಜಾಗದಲ್ಲಿ ಅವರ ಮಗ ಸೆಲ್ವಗಣೇಶ್ ಕೂತರು. ಮ್ಯಾಂಡೊಲಿನ್ ಶ್ರೀನಿವಾಸ್ ಬಂದರು, ಶಂಕರ್ ಮಹದೇವನ್ ಬಂದರು. 2024ರ ಫೆಬ್ರವರಿಯಲ್ಲಿ ಶಕ್ತಿಗೆ ಗ್ರ್ಯಾಮಿ ಸಿಕ್ಕಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಝಾಕಿರ್ ತೀರಿಕೊಂಡರು. ಇಪ್ಪತ್ತು ವರ್ಷ ಒಬ್ಬೊಬ್ಬರೇ ದುಡಿದು ತಂದದ್ದನ್ನು ಮತ್ತೆ ಒಂದೇ ಜಮಖಾನೆಯ ಮೇಲೆ ಸುರಿದರು ಅನ್ನೋದು ನನಗೆ ಈ ತಂಡದಲ್ಲಿ ಬಹಳ ಇಷ್ಟವಾದದ್ದು. ಕನ್ನಡದಲ್ಲೇ ರಘು ದೀಕ್ಷಿತ್ ಅವರನ್ನು ನೋಡಿ. ಅಂತರಾಗ್ನಿ ತಂಡ ಚದುರಿದ ಮೇಲೆ ಹೊಸ ತಂಡದ ಹೆಸರಿನಲ್ಲೇ ‘ಪ್ರಾಜೆಕ್ಟ್’ ಅನ್ನುವ ಪದ ಇಟ್ಟರು. ಬರುವವರು ಬರಲಿ, ಹೋಗುವವರು ಹೋಗಲಿ, ಹಾಡು ನಿಲ್ಲದಿರಲಿ ಅನ್ನುವ ಏರ್ಪಾಡು ಅದು. ಷರೀಫರ ಪದಗಳು ಗಿಟಾರಿನ ಜೊತೆ ಹೊಸ ಪೀಳಿಗೆಯ ಕಿವಿಗೆ ಬಿದ್ದದ್ದು ಹೀಗೆ.

ಮತ್ತೆ ನಮ್ಮ ಪಡಸಾಲೆಗೆ ಬರುತ್ತೇನೆ. ಆ ಸಂಜೆಯ ಮೇಲೆ ಮಾಮಾ ಕೆಲವು ತಿಂಗಳು ಪದ ಹಾಡಲೇ ಇಲ್ಲ. ಬೆಳಿಗ್ಗೆ ಎದ್ದು ಬರೀ ಸಾ ಹಿಡಿದು ಕೂರುತ್ತಿದ್ದರು. ಕರಿ ಒಂದು. ಬೆರಳು ಜಾರಿ ನಾಲ್ಕಕ್ಕೆ ಹೋದರೆ ಎತ್ತಿ ವಾಪಸ್ ಇಡುತ್ತಿದ್ದರು, ಅಂಬೆಗಾಲಿಡುವ ಮಗುವನ್ನು ಹೊಸ್ತಿಲಿನಿಂದ ಹಿಂದಕ್ಕೆ ಎಳೆದ ಹಾಗೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವ ಅವರ ಅಕ್ಕ. ಆಕೆ ಜೀವನದಲ್ಲಿ ಸ್ಟೇಜ್ ಹತ್ತಿದವಳಲ್ಲ. ಆದರೆ ತಮ್ಮ ಒಂದು ತಾನ್ ತಗೊಂಡ ಕೂಡಲೇ ರೊಟ್ಟಿಯ ಸದ್ದು ನಿಲ್ಲುತ್ತಿತ್ತು. “ತಮ್ಮಾ, ಅದು ಆಕಿ ಹಾಡಿದಂಗ ಆತು. ನಿಂದಲ್ಲ.” ಮತ್ತೆ ರೊಟ್ಟಿಯ ಸದ್ದು. ಮಾಮಾ ಮರುಮಾತಾಡದೇ ಮತ್ತೆ ಹಾಡುತ್ತಿದ್ದರು. ಒಮ್ಮೊಮ್ಮೆ ಐದಾರು ಸಲ. ರೊಟ್ಟಿಯ ಸದ್ದು ನಿಲ್ಲದೇ ಹೋದ ದಿನ ಅವರ ಮುಖ ಅರಳುತ್ತಿತ್ತು.

ಹೋದ ಶ್ರಾವಣದಲ್ಲಿ ನಮ್ಮ ಓಣಿಯ ಗುಡಿಯಲ್ಲಿ ಭಜನೆ ಇತ್ತು. ಮಾಮಾ ಎರಡು ವಚನ, ಒಂದು ತತ್ವಪದ ಹಾಡಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕ ಅವರ ಗುರುತು ಹಿಡಿದು, “ಮಾಸ್ತರ, ಪಾರಿಜಾತದಾಗಿಂದ ಒಂದ ಆಗ್ಲಿ, ಸತ್ಯಭಾಮಿ ಪದ,” ಅಂದ. ಮಾಮಾನ ಕೈ ನಿಂತಿತು. ಮೇಳ ಒಡೆದ ಮೇಲೆ ಆ ಪದವನ್ನು ಅವರು ಮುಟ್ಟಿರಲಿಲ್ಲ. ಸ್ವಲ್ಪ ಹೊತ್ತು ಪೇಟಿಯನ್ನೇ ನೋಡುತ್ತಾ ಕೂತರು. ಆಮೇಲೆ ಕರಿ ಒಂದರ ಮೇಲೆ ಬೆರಳಿಟ್ಟು ಎತ್ತಿಕೊಂಡರು. ಪಲ್ಲವಿ ಬಂತು. ಮೇಲಿನ ಸಾಲಿಗೆ ದನಿ ಚೂರು ಬಿಗಿಯಿತು.

ಹೆಂಗಸರ ಕಡೆಯಿಂದ ಅವ್ವನ ದನಿ ಕೇಳಿಸಿತು. “ಇನ್ನೊಂದ ಮನಿ ಇಳಸೋ ತಮ್ಮಾ.”

ಮಾಮಾ ಭಾತೆ ನಿಲ್ಲಿಸಿ, ಬಿಳಿ ಒಂದಕ್ಕೆ ಇಳಿದು, ಮೊದಲಿನಿಂದ ಶುರು ಮಾಡಿದರು.